ಅಂಗನವಾಡಿ ಕೆಲಸ ಯಾವ ಊರಿನದು?

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಕಡೆಯ ಸ್ವಸಹಾಯ ಗುಂಪುಗಳ ಸದಸ್ಯೆಯರು ಗುಬ್ಬಿಯಲ್ಲಿ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕುಣಿಗಲ್ಲಿನಿಂದ ಬಸ್ಸು ಬದಲಿಸಿ ಬಂದವರಿದ್ದೀರಿ, ತುಮಕೂರಿನಿಂದ ಬೆಳಗಿನ ರೈಲಿಗೆ ಬಂದವರಿದ್ದೀರಿ. ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು, ಮೂರು ಗಂಟೆಗೆ ಬಿಟ್ಟುಬಿಡಿ ಅಂತ ಆಗಲೇ ಇಬ್ಬರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಹಾಗಾಗಿ ಸ್ವಾಗತ, ವಂದನೆ ಎಲ್ಲ ಬಿಟ್ಟು ವಿಷಯಕ್ಕೆ ಬರುತ್ತೇನೆ.

ವರದಕ್ಷಿಣೆ ಸಾವು, ಗಂಡನ ಹೊಡೆತ, ಅತ್ತೆಮನೆಯ ಕಿರುಕುಳದ ಬಗ್ಗೆ ಮಾತಾಡಲು ಸೇರುವ ನಾವು ಇವತ್ತು ಅಂಗನವಾಡಿ, ನರ್ಸರಿ, ಶಿಶುಪಾಲನಾ ಕೇಂದ್ರದ ಕೆಲಸಗಳ ವಿಚಾರ ಎತ್ತಿಕೊಂಡಿದ್ದೇವೆ. ಕಾರಣ ಇಷ್ಟೇ. ನಮ್ಮ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ಕಾನೂನನ್ನಲ್ಲ. "ಬಿಟ್ಟು ಬಂದು ಹೊಟ್ಟೆಗೆ ಏನು ಮಾಡ್ಲಿ ಅಕ್ಕಾ?" ಅಂತ ಕೇಳುತ್ತಾರೆ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಓದಿರುತ್ತಾಳೆ. ಕಂಕುಳಲ್ಲಿ ಕೂಸು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರೆ ಕೂಸನ್ನು ನೋಡುವವರಿಲ್ಲ. ವಸಂತನರಸಾಪುರದ ಕಾರ್ಖಾನೆಗೆ ಹೋದರೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಕತ್ತಲು, ಊರಿನವರ ಬಾಯಿ ಬೇರೆ. ಆಗ ಅವಳ ತಾಯಿಯ ಬಾಯಲ್ಲಿ ಬರುವ ಮಾತು, "ನಮ್ಮೂರಲ್ಲೇ ಅಂಗನವಾಡಿ ಟೀಚರ್ ಕೆಲಸ ಸಿಕ್ಕಿದ್ದರೆ."

ಆ "ಸಿಕ್ಕಿದ್ದರೆ" ಅನ್ನುವುದರ ಬಗ್ಗೆಯೇ ಇವತ್ತಿನ ಮಾತು.

ಈ ಕೆಲಸಕ್ಕೂ ಗಂಡಿಲ್ಲದ ಹೆಣ್ಣಿನ ಬದುಕಿಗೂ ಇರುವ ನಂಟು ಹಳೆಯದು. ಅನುತಾಯಿ ವಾಘ್ ಅವರ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. 1910ರಲ್ಲಿ ಮಹಾರಾಷ್ಟ್ರದಲ್ಲಿ ಹುಟ್ಟಿದವರು. 13ನೆಯ ವಯಸ್ಸಿಗೆ ಮದುವೆ, ಆರು ತಿಂಗಳೊಳಗೆ ವೈಧವ್ಯ. ಮೂಲೆಯಲ್ಲಿ ಕೂರಬೇಕಾಗಿದ್ದ ಆ ಹುಡುಗಿ ಓದಿದಳು, ಶಿಕ್ಷಕಿಯಾದಳು. 1945ರಲ್ಲಿ ತಾರಾಬಾಯಿ ಮೋಡಕ್ ಅವರ ಜೊತೆ ಸೇರಿ ಬೋರ್ಡಿ ಎಂಬ ಹಳ್ಳಿಯಲ್ಲಿ, ಆಮೇಲೆ ಕೋಸಬಾಡದ ಆದಿವಾಸಿಗಳ ನಡುವೆ ಬಾಲವಾಡಿ ಕಟ್ಟಿದಳು. ಕೂಲಿಯವರ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಹೊರಟವರು ಈ ಇಬ್ಬರು ಹೆಂಗಸರು. ನಾವು ದಿನಾ ಬಾಯಲ್ಲಿ ಆಡುವ ಅಂಗನವಾಡಿ ಅನ್ನುವ ಮಾತಿನೊಳಗೆ ಆ ಅಂಗಳವಿದೆ.

ಸರ್ಕಾರ ಇದನ್ನು ಕೈಗೆತ್ತಿಕೊಂಡಿದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಪ್ರಯೋಗವಾಗಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಆಗ ಮೆಟ್ರಿಕ್ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಇದನ್ನು ಸಂಬಳ ಎಂದು ಕರೆಯಲಿಲ್ಲ, ಗೌರವಧನ ಎಂದರು. ಇಂದಿಗೂ ಅದೇ ಹೆಸರು. ಮಕ್ಕಳಿಗೆ ಉಣ್ಣಿಸುವುದು, ಮೂಗು ಒರೆಸುವುದು, ಹಾಡು ಹೇಳಿಕೊಡುವುದು ಹೆಣ್ಣಿಗೆ ಹುಟ್ಟಿನಿಂದಲೇ ಬರುವ ಗುಣ, ಅದಕ್ಕೇಕೆ ಸಂಬಳ ಎಂಬ ಯೋಚನೆ ಆ ಪದದ ಹಿಂದಿದೆ. ಗಂಡನ ಮನೆಯಲ್ಲಿ ದುಡ್ಡಿಲ್ಲದೆ ದುಡಿಸಿಕೊಳ್ಳುವುದಕ್ಕೆ ಯಾವ ವಾದವೋ ಇಲ್ಲಿಯೂ ಅದೇ ವಾದ. ಗಂಡ "ನೀನೇನು ಕೆಲಸ ಮಾಡ್ತೀಯ ಮನೇಲಿ" ಅನ್ನುತ್ತಾನೆ, ಸರ್ಕಾರ "ನೀವು ನೌಕರರಲ್ಲ, ಸೇವಕಿಯರು" ಅನ್ನುತ್ತದೆ.

ಇದು ಬರಿಯ ಮಾತಿನ ಜಗಳವಲ್ಲ. 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ತೀರ್ಪು ಕೊಟ್ಟಿತು. ಹದಿನೈದು ವರ್ಷ ಕಳೆದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ಹೆಣ್ಣುಮಕ್ಕಳು ಹೂಡಿದ್ದ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಇವರಿಗೂ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿ ಎಂಬುದು ಸರ್ಕಾರ ಇಷ್ಟವಿದ್ದರೆ ನಡೆಸುವ, ಇಲ್ಲವಾದರೆ ಮುಚ್ಚುವ ದಾನಛತ್ರವಲ್ಲ, ಕಾನೂನಿನಲ್ಲಿ ನಿಂತ ಸಂಸ್ಥೆ ಅನ್ನುವುದು ಆ ತೀರ್ಪಿನ ತಿರುಳು. ಎರಡೂ ತೀರ್ಪುಗಳ ನಡುವೆ ಎಷ್ಟು ಧರಣಿ, ಎಷ್ಟು ಬೆಂಗಳೂರು ಚಲೋ! ಮಳೆಯಲ್ಲಿ, ಬಿಸಿಲಲ್ಲಿ, ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿದವರು ನಿಮ್ಮೂರಿನ ಟೀಚರಮ್ಮನವರೇ. ಆಕೆ ಎರಡು ದಿನ ಬಾಗಿಲು ಹಾಕಿದಾಗ ಗೊಣಗಿದವರು ನಮ್ಮಲ್ಲೂ ಇದ್ದಾರೆ.

ಇವತ್ತಿನ ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರ 2018ರ ಅಕ್ಟೋಬರಿನಿಂದ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಎಂದು ನಿಗದಿ ಮಾಡಿತು. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. 2025ರ ಮಾರ್ಚಿನ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚಿಸುವುದಾಗಿ ಘೋಷಿಸಿದರು. ಇದರಿಂದ ಮಗುವನ್ನು ಕಟ್ಟಿಕೊಂಡ ಹೆಣ್ಣು ಬೇರೆ ಮನೆ ಮಾಡಿ ಬದುಕಬಲ್ಲಳೇ? ತುಮಕೂರಿನಲ್ಲಿ ಕಷ್ಟ. ಹಳ್ಳಿಯಲ್ಲಿ ತವರಿನ ಸೂರಿದ್ದರೆ, ಮೇಲೊಂದು ಹಸುವಿದ್ದರೆ, ಹೇಗೋ ಆಗುತ್ತದೆ. ಆಸೆ ಹುಟ್ಟಿಸಿ ಕಳಿಸುವುದು ನನಗೆ ಇಷ್ಟವಿಲ್ಲ, ಅದಕ್ಕೇ ಮೊದಲೇ ಹೇಳಿದೆ.

ಖಾಸಗಿ ನರ್ಸರಿಗಳ ವಿಚಾರ ಇನ್ನೂ ಕಷ್ಟ. ತುಮಕೂರಿನಲ್ಲಿ ಬೀದಿಗೊಂದು ಎಲ್‌ಕೆಜಿ ಇದೆ, ಗುಬ್ಬಿ ಕುಣಿಗಲ್ಲಿನಲ್ಲೂ ಹಳದಿ ವ್ಯಾನುಗಳು ಹಳ್ಳಿಹಳ್ಳಿಗೆ ಬರುತ್ತವೆ. ನಾನೇ ತುಮಕೂರಿನ ಅಂಥದೊಂದು ಶಾಲೆಯಲ್ಲಿ ಆರು ವರ್ಷ ಪಾಠ ಮಾಡಿದೆ. ಸಹಿ ಹಾಕಿಸಿಕೊಳ್ಳುತ್ತಿದ್ದ ಮೊತ್ತ ಒಂದು, ಕೈಗೆ ಕೊಡುತ್ತಿದ್ದದ್ದು ಇನ್ನೊಂದು. ಏಪ್ರಿಲ್, ಮೇ ತಿಂಗಳ ಸಂಬಳವೇ ಇಲ್ಲ. ಕೇಳಿದರೆ, "ನಿಮ್ಮ ಯಜಮಾನ್ರು ದುಡೀತಾರಲ್ಲ ಮೇಡಂ" ಎಂಬ ಉತ್ತರ. ಯಜಮಾನ್ರಿಲ್ಲದವಳು ಏನು ಹೇಳಬೇಕು? ಆದರೂ ಆ ಕೆಲಸ ಪೂರ್ತಿ ಬೇಡ ಅನ್ನಲಾರೆ. ಮಕ್ಕಳ ಶಿಕ್ಷಣದ ತರಬೇತಿ ಪಡೆದಿದ್ದರೆ ಸ್ವಲ್ಪ ಬೆಲೆ ಇದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಓದಿ ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡವರನ್ನು ಬಲ್ಲೆ. ನೇಮಕದ ಪತ್ರ, ಬ್ಯಾಂಕಿನ ಮೂಲಕ ಸಂಬಳ, ಇವೆರಡನ್ನು ಕೇಳದೆ ಒಳಗೆ ಹೋಗಬೇಡಿ.

ಶಿಶುಪಾಲನಾ ಕೇಂದ್ರಗಳದು ಮೂರನೆಯ ದಾರಿ. 2017ರಲ್ಲಿ ತಾಯ್ತನದ ಸೌಲಭ್ಯದ ಕಾಯ್ದೆಗೆ ತಂದ ತಿದ್ದುಪಡಿ, ಐವತ್ತು ಮಂದಿ ದುಡಿಯುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದಿತು. ಮುಂದೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿತು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂದು ಘೋಷಿಸಿ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ತೆರೆಯಲು ಹೊರಟಿತು. ಅಲ್ಲಿ ನೋಡಿಕೊಳ್ಳುವವರನ್ನು ಉದ್ಯೋಗ ಚೀಟಿ ಇದ್ದ ಹೆಣ್ಣುಮಕ್ಕಳಲ್ಲೇ ಆರಿಸಿ ತರಬೇತಿ ಕೊಟ್ಟರು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿದೆಯೋ, ಬೀಗ ಬಿದ್ದಿದೆಯೋ, ಹೋಗಿ ನೋಡಿ.

ಈಗ ಅಂಗನವಾಡಿಗೆ ಮರಳುತ್ತೇನೆ, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಎಡವುವುದು ಅಲ್ಲಿಯೇ.

ಇತ್ತೀಚಿನ ಅಧಿಸೂಚನೆಗಳಂತೆ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವಯಸ್ಸು 19ರಿಂದ 35. ಅಂಗವಿಕಲರಿಗೆ ಹತ್ತು ವರ್ಷದ ಸಡಿಲಿಕೆ. ಪರೀಕ್ಷೆ ಇಲ್ಲ, ಅಂಕಗಳ ಮೇಲೆ ಆಯ್ಕೆ. ಆದ್ದರಿಂದ "ಮೇಲಿನವರಿಗೆ ಹೇಳಿ ಮಾಡಿಸ್ತೀನಿ" ಎಂದು ಲಕ್ಷ ಕೇಳುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ವರದಕ್ಷಿಣೆಗೆ ಅಂತ ಅಡವಿಟ್ಟ ಜಮೀನನ್ನೇ ಇನ್ನೂ ಬಿಡಿಸಿಕೊಳ್ಳದ ಅಪ್ಪ, ಮನೆಗೆ ಮರಳಿದ ಅದೇ ಮಗಳ ಕೆಲಸಕ್ಕೆಂದು ಮತ್ತೆ ಸಾಲ ಮಾಡುವುದನ್ನು ಕಂಡಿದ್ದೇನೆ. ವಿಧವೆಯರಿಗೆ, ವಿಚ್ಛೇದಿತೆಯರಿಗೆ ಆಯ್ಕೆಯಲ್ಲಿ ಹೆಚ್ಚಿನ ಅವಕಾಶವಿದೆ. ಆದರೆ ಕಾಗದ ಬೇಕು. ವಿಧವೆಯಾದರೆ ಗಂಡನ ಮರಣ ಪತ್ರ. ವಿಚ್ಛೇದಿತೆಯಾದರೆ ನ್ಯಾಯಾಲಯದ ವಿಚ್ಛೇದನ ಪತ್ರ. ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸಿದ ಬಿಡುಗಡೆ ಪತ್ರ ನಡೆಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಅರ್ಜಿ ಹಾಕುವವಳು ಆ ಊರಿನವಳೇ, ನಗರವಾದರೆ ಆ ವಾರ್ಡಿನವಳೇ ಆಗಿರಬೇಕು. ಅದಕ್ಕೆ ವಾಸಸ್ಥಳದ ದೃಢೀಕರಣ ಪತ್ರ ಬೇಕು. ಮಕ್ಕಳ ಮನೆಮಾತು, ಊರಿನ ಮನೆಮನೆಯ ಸ್ಥಿತಿ ಗೊತ್ತಿರುವವಳು ಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಹೆಣ್ಣಿಗೆ ಊರು ಯಾವುದು, ಹೇಳಿ?

ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಕುಣಿಗಲ್ ಕಡೆಗೆ ಮದುವೆಯಾಗಿ ಹೋದ ಒಬ್ಬಳಿದ್ದಳು. ಹೆಸರು ಬೇಡ. ಪಿಯುಸಿಯಲ್ಲಿ ಒಳ್ಳೆಯ ಅಂಕ. ಬೈಕು ಕೊಡಲಿಲ್ಲ ಎಂದು ಮೊದಲು ಮಾತು, ಆಮೇಲೆ ಕೈ, ಆಮೇಲೆ ಸೌದೆ. ಎರಡನೆಯ ಮಗುವಿಗೆ ಐದು ತಿಂಗಳಿದ್ದಾಗ ತವರಿಗೆ ಬಂದಳು. ಮೂರನೆಯ ವರ್ಷ ತವರೂರಿನ ಅಂಗನವಾಡಿಯಲ್ಲಿ ಹುದ್ದೆ ಖಾಲಿಯಾಯಿತು. ಪಡಿತರ ಚೀಟಿಯಲ್ಲಿ ಹೆಸರು ಗಂಡನ ಮನೆಯಲ್ಲಿ, ಆಧಾರ್ ಅಲ್ಲಿಯದು, ಮತದಾರರ ಪಟ್ಟಿಯೂ ಅಲ್ಲಿಯದೇ. ಇಲ್ಲಿ ವಾಸಸ್ಥಳದ ಪತ್ರಕ್ಕೆ ಓಡಾಡುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿಯಿತು. ಹೆಸರು ತೆಗೆಸಿಕೊಡಲು ಗಂಡ ಒಪ್ಪಲಿಲ್ಲ. ಹೊಡೆಯುವುದನ್ನು ಬಿಟ್ಟು ಮೂರು ವರ್ಷವಾದ ಮೇಲೂ ಅವನ ಕೈ ಇಲ್ಲಿಗೆ ಚಾಚಿತು.

ಇದರ ಇನ್ನೊಂದು ಮುಖವನ್ನೂ ನೋಡಿ. ಗಂಡನ ಊರಿನಲ್ಲೇ ಕಾರ್ಯಕರ್ತೆಯಾದವಳ ಕತೆ. ಅವಳಿಗೆ ಕೆಲಸವಿದೆ, ಊರಿನಲ್ಲಿ ಹೆಸರಿದೆ, ಸಂಜೆ ಮನೆಯಲ್ಲಿ ಏಟಿದೆ. ಬಿಟ್ಟು ತವರಿಗೆ ಹೋದರೆ ಗಂಡನನ್ನು ಮಾತ್ರವಲ್ಲ, ಕೆಲಸವನ್ನೂ ಬಿಟ್ಟು ಹೋಗಬೇಕು. ಕೆಲಸ ಅವಳದಲ್ಲ, ಆ ಊರಿನದು. ಇಂಥವರನ್ನು ನಾನು ಒಬ್ಬಿಬ್ಬರನ್ನಲ್ಲ ಕಂಡದ್ದು. ಸ್ತ್ರೀಶಕ್ತಿ ಸಭೆಯಲ್ಲಿ ಕೌಟುಂಬಿಕ ಹಿಂಸೆಯ ಕಾಯ್ದೆ ಓದಿ ಹೇಳುವ ಕೈಯ ಮೇಲೆಯೇ ಬಳೆ ಚುಚ್ಚಿದ ಗಾಯ. ಗೌರವಧನ ಅವಳ ಖಾತೆಗೇ ಬರುತ್ತದೆ, ಎಟಿಎಂ ಕಾರ್ಡು ಮಾತ್ರ ಗಂಡನ ಜೇಬಿನಲ್ಲಿ. ದುಡಿದ ಹಣವನ್ನು ಕಿತ್ತುಕೊಳ್ಳುವುದೂ ಆ ಕಾಯ್ದೆಯ ಪ್ರಕಾರ ಹಿಂಸೆಯೇ. ಮೂರನೆಯ ಕಲಮಿನಲ್ಲಿ ಆರ್ಥಿಕ ಹಿಂಸೆ ಎಂದು ಬರೆದಿದೆ, ಸ್ತ್ರೀಧನವನ್ನು ಇಟ್ಟುಕೊಳ್ಳುವುದೂ ಅದರೊಳಗೆ ಬರುತ್ತದೆ.

ಒಂದು ಸಂಗತಿಯನ್ನು ಹೋಲಿಸಿ ನೋಡಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ರಂದು. ಅದರ 27ನೆಯ ಕಲಮಿನಂತೆ, ನೊಂದ ಹೆಣ್ಣು ತಾತ್ಕಾಲಿಕವಾಗಿ ಎಲ್ಲಿದ್ದಾಳೋ ಅಲ್ಲಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಕುಣಿಗಲ್ ಕಡೆಯಿಂದ ಓಡಿ ಬಂದು ಗುಬ್ಬಿಯಲ್ಲಿ ಅಕ್ಕನ ಮನೆಯಲ್ಲಿದ್ದರೆ ಗುಬ್ಬಿಯಲ್ಲೇ ಹಾಕಬಹುದು. ಏಟು ತಿಂದ ಹೆಣ್ಣಿಗೆ ಊರು ಕೈತಪ್ಪಿರುತ್ತದೆ ಎಂಬುದು ಆ ಕಾಯ್ದೆ ಬರೆದವರಿಗೆ ತಿಳಿದಿತ್ತು. ಅಂಗನವಾಡಿಗೆ ಆಯ್ಕೆ ಮಾಡುವ ನಿಯಮಕ್ಕೆ ಅದು ತಿಳಿದಿಲ್ಲ. ತಮಾಷೆಯೆಂದರೆ ಎರಡೂ ಒಂದೇ ಮೇಜಿನ ಮೇಲಿರುತ್ತವೆ. ನಮ್ಮ ರಾಜ್ಯದಲ್ಲಿ ಆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಯಾರು? ತಾಲ್ಲೂಕಿನ ಸಿಡಿಪಿಒ. ಅಂಗನವಾಡಿಗಳ ಮೇಲಧಿಕಾರಿ ಯಾರು? ಅವರೇ. ಹಿಂಸೆಯ ಘಟನಾ ವರದಿ ಬರೆದುಕೊಂಡು ನ್ಯಾಯಾಲಯಕ್ಕೆ ಕಳಿಸುವ ಕಚೇರಿಯೇ, ಅದೇ ಹೆಣ್ಣು ಕೆಲಸಕ್ಕೆ ಬಂದರೆ "ನೀನು ಈ ಊರಿನವಳು ಅನ್ನೋದಕ್ಕೆ ಪತ್ರ ತಾ" ಎನ್ನುತ್ತದೆ.

ನಾವು ಕೇಳಬೇಕಾದದ್ದು ಇಲ್ಲಿದೆ. ಘಟನಾ ವರದಿಯನ್ನೋ, ನ್ಯಾಯಾಲಯಕ್ಕೆ ಹಾಕಿದ ಅರ್ಜಿಯನ್ನೋ ವಾಸಸ್ಥಳಕ್ಕೆ ಪುರಾವೆಯೆಂದು ಒಪ್ಪಿಕೊಳ್ಳಲಿ. ಹಿಂಸೆಯಿಂದ ಊರು ಬಿಡಬೇಕಾದ ಕಾರ್ಯಕರ್ತೆ, ಸಹಾಯಕಿಯರಿಗೆ ಇನ್ನೊಂದು ಊರಿನ ಖಾಲಿ ಹುದ್ದೆಗೆ ಹೋಗಲು ಬಿಡಲಿ. ಇದಕ್ಕೆ ಹೊಸ ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಕಾರ್ಮಿಕ ಸಂಘಗಳು ಗೌರವಧನ, ಗ್ರಾಚ್ಯುಟಿಗಾಗಿ ಹೋರಾಡಿವೆ, ನಮಗೆ ಹೆಮ್ಮೆ ಇದೆ. ಈ ಬೇಡಿಕೆಯನ್ನು ಅವರ ಪಟ್ಟಿಗೆ ಸೇರಿಸಿ ಎಂದು ನಾವು ಹೋಗಿ ಹೇಳಬೇಕು. ಏಕೆಂದರೆ ಮನೆಯೊಳಗಿನ ಏಟಿನ ವಿಚಾರ ಸಂಘದ ಸಭೆಯಲ್ಲಿ ಸುಲಭಕ್ಕೆ ಬಾಯಿಗೆ ಬರುವುದಿಲ್ಲ.

ಮಕ್ಕಳ ಕಡೆಯಿಂದಲೂ ಒಂದು ಮಾತು. ಗುಬ್ಬಿ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಕೂತಿದ್ದೆ. ಮಕ್ಕಳು ಮನೆಯಾಟ ಆಡುತ್ತಿದ್ದರು. ನಾಲ್ಕು ವರ್ಷದ ಹುಡುಗ ತೂರಾಡಿಕೊಂಡು ಬಂದು, ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ ಮಾಡುತ್ತಿದ್ದ ಹುಡುಗಿಯ ಜುಟ್ಟು ಹಿಡಿದು "ಎಲ್ಲಿಟ್ಟೆ ದುಡ್ಡು" ಅಂದ. ಹುಡುಗಿ ಅಳಲಿಲ್ಲ. ತಲೆ ತಗ್ಗಿಸಿ ಕೈಯಿಂದ ಮುಖ ಮುಚ್ಚಿಕೊಂಡಳು, ಅದೂ ಆಟದ ಭಾಗ ಎನ್ನುವ ಹಾಗೆ. ಟೀಚರ್ ಎದ್ದು ಹೋಗಿ ಬೈಯಲಿಲ್ಲ. ಹುಡುಗನ ಕೈಗೆ ಇನ್ನೊಂದು ಚಿಪ್ಪು ಕೊಟ್ಟು, "ಇವತ್ತು ಅಪ್ಪ ಅಡಿಗೆ ಮಾಡ್ತಾರಂತೆ, ಅಮ್ಮನ್ನ ಊಟಕ್ಕೆ ಕೂರಿಸಪ್ಪ" ಅಂದಳು. ಆಟ ಮುಂದುವರಿಯಿತು. ಮಧ್ಯಾಹ್ನ ಆ ಹುಡುಗನ ತಾಯಿ ಕರೆದೊಯ್ಯಲು ಬಂದಾಗ ಐದು ನಿಮಿಷ ಪಕ್ಕಕ್ಕೆ ಕರೆದು ಮಾತಾಡಿಸಿದಳು. ಇದು ಹುಟ್ಟಿನಿಂದ ಬರುವ ಗುಣವೇ? ಇಪ್ಪತ್ತು ವರ್ಷ ಮಕ್ಕಳ ಜೊತೆ ಕೂತು ಕಲಿತ ವಿದ್ಯೆ. ಠಾಣೆಯಲ್ಲಿ ಸಿಗದ, ವಕೀಲರ ಹತ್ತಿರ ಇಲ್ಲದ ವಿದ್ಯೆ.

ಇಂಥವಳಿಗೆ ಭಯವೂ ಇರುತ್ತದೆ, "ನಾನು ಹೇಳಿದೆ ಅಂತ ಗೊತ್ತಾದ್ರೆ?" ಎಂದು. ಕಾಯ್ದೆಯ ನಾಲ್ಕನೆಯ ಕಲಮು ನೆನಪಿಟ್ಟುಕೊಳ್ಳಿ. ಹಿಂಸೆ ನಡೆದಿದೆ, ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹಾಕಲು ಬರುವುದಿಲ್ಲ. ಇನ್ನು ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80. ಠಾಣೆಯಲ್ಲಿ "ಆ ಸೆಕ್ಷನ್ ಈಗಿಲ್ಲ" ಎಂದು ಯಾರಾದರೂ ಸಾಗಹಾಕಿದರೆ ಹೊಸ ಸಂಖ್ಯೆ ಹೇಳಿ.

ನೀವೆಲ್ಲರೂ ಕಾರ್ಯಕರ್ತೆಯರಾಗಲಾರಿರಿ, ಒಂದು ಊರಿಗೆ ಇರುವ ಹುದ್ದೆ ಎಷ್ಟು? ಆದರೆ ಅಂಗನವಾಡಿಗೆ ಬಾಲವಿಕಾಸ ಸಮಿತಿ ಎಂಬುದೊಂದಿದೆ. ತಾಯಂದಿರು ಅದರಲ್ಲಿ ಕೂರುತ್ತಾರೆ. ಬಹಳ ಊರುಗಳಲ್ಲಿ ಅದು ಸಹಿಗಷ್ಟೇ. ಮೊಟ್ಟೆ ಎಷ್ಟು ಬಂತು, ಎಷ್ಟು ಹಂಚಿದರು, 2017ರಿಂದ ಬಸುರಿ ಬಾಣಂತಿಯರಿಗೆ ಕೊಡುತ್ತಿರುವ ಮಾತೃಪೂರ್ಣದ ಊಟಕ್ಕೆ ಯಾರು ಬರುತ್ತಿದ್ದಾರೆ, ಯಾರನ್ನು ಮನೆಯವರು ಕಳಿಸುತ್ತಿಲ್ಲ ಎಂಬುದನ್ನು ಆ ಸಮಿತಿಯಲ್ಲಿ ಕೂತು ಕೇಳಬಹುದು. ಕಳಿಸದ ಮನೆಯ ಮೇಲೆ ಒಂದು ಕಣ್ಣಿಡಿ. ಬಸುರಿಯನ್ನು ಹೊರಗೆ ಬಿಡದ ಮನೆಯಲ್ಲಿ ಏನೋ ಇದೆ ಅನ್ನುವುದು ನನ್ನ ಅನುಭವ. ಅಂಗನವಾಡಿಯೇ ಇಲ್ಲದ ಕಾಲೋನಿಯಿದ್ದರೆ, 40 ಪುಟ್ಟ ಮಕ್ಕಳಿರುವ ಜಾಗದಲ್ಲಿ ಕೇಳಿದ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ಹೇಳಿದೆ. ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಒಂದು ಹೊಸ ಅಂಗನವಾಡಿ ಎಂದರೆ ಇಬ್ಬರು ಹೆಂಗಸರಿಗೆ ಕೆಲಸ.

ಸಹಾಯಕಿಯ ಕೆಲಸ ಕೀಳೆಂದು ಅರ್ಜಿ ಹಾಕದೆ ಇರಬೇಡಿ. 2022ರ ಕೇಂದ್ರದ ಮಾರ್ಗಸೂಚಿ, ಐದು ವರ್ಷ ದುಡಿದ ಅರ್ಹ ಸಹಾಯಕಿಯರಿಂದ ಅರ್ಧದಷ್ಟು ಕಾರ್ಯಕರ್ತೆಯರ ಹುದ್ದೆಗಳನ್ನು, ಹಾಗೆಯೇ ಕಾರ್ಯಕರ್ತೆಯರಿಂದ ಅರ್ಧದಷ್ಟು ಮೇಲ್ವಿಚಾರಕಿಯರ ಹುದ್ದೆಗಳನ್ನು ತುಂಬಬೇಕೆನ್ನುತ್ತದೆ. ಕೆಲಸಕ್ಕೆ ಸೇರಿ, ಓದು ಮುಂದುವರಿಸಿ.

ಮದುವೆ ಮಾತುಕತೆಯಲ್ಲಿ ಈಗ ಹೊಸದೊಂದು ಕೇಳಿಬರುತ್ತಿದೆ. "ಹುಡುಗೀಗೆ ಅಂಗನವಾಡಿ ಕೆಲಸ ಇದೆ, ಅದಕ್ಕೇ ವರದಕ್ಷಿಣೆ ಕಮ್ಮಿ ಕೇಳಿದ್ದೀವಿ" ಅಂತ. ತಿಂಗಳು ತಿಂಗಳು ಕಂತಿನಲ್ಲಿ ಕೊಡುವ ವರದಕ್ಷಿಣೆ ಅದು. ಮಗಳ ಖಾತೆಯ ಕಾರ್ಡು ಮಗಳ ಹತ್ತಿರವೇ ಇರಲಿ ಎಂದು ತಾಯಂದಿರಾದ ನೀವು ಮದುವೆಗೆ ಮೊದಲೇ ಹೇಳಿಬಿಡಿ. ಹೇಳಲು ನಾಚಿಕೆಯಾದರೆ ನಮ್ಮ ಗುಂಪಿನ ಹತ್ತು ಜನ ಬರುತ್ತೇವೆ.

ಮೂರು ಗಂಟೆಯಾಯಿತು, ಆ ಅಕ್ಕಂದಿರು ಆಗಲೇ ಚೀಲ ಹೆಗಲಿಗೇರಿಸಿದ್ದಾರೆ. ತವರಿಗೆ ಮರಳಿ ಬಂದ ಹೆಣ್ಣುಮಕ್ಕಳು ನಿಮ್ಮ ಗುಂಪಿನಲ್ಲಿದ್ದರೆ ಅಧಿಸೂಚನೆಗೆ ಕಾಯಬೇಡಿ. ಈ ವಾರವೇ ನಾಡಕಚೇರಿಗೆ ಹೋಗಿ ವಾಸಸ್ಥಳದ ಪತ್ರಕ್ಕೆ ಅರ್ಜಿ ಹಾಕಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಗಂಡನ ಮನೆಯ ಬೀರುವಿನಲ್ಲೇ ಉಳಿದಿದ್ದರೆ ನಕಲು ಪ್ರತಿಗೆ ಬರೆಯಿರಿ, ಅದನ್ನು ಕೇಳಲು ಒಬ್ಬಳೇ ಅಲ್ಲಿಗೆ ಹೋಗಬೇಡಿ. ಇವತ್ತು ರಾತ್ರಿಯೇ ತೊಂದರೆ ಇರುವವರಿಗೆ 181. ಸೋಮವಾರ ಗುಬ್ಬಿಯ ಸಿಡಿಪಿಒ ಕಚೇರಿಗೆ ವಾಸಸ್ಥಳದ ವಿಚಾರದ ಮನವಿ ಕೊಡಲು ಹೋಗುತ್ತೇವೆ. ಬರುವವರು ಹತ್ತೂವರೆಗೆ ಬಸ್ ನಿಲ್ದಾಣದಲ್ಲಿ ಸಿಗಿ. ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ತನ್ನಿ.